ಎಣ್ಣಿ ಹುಲುಗಮ್ಮ

ಕಸಬರಿಗೆಯಿಂದ ಒಂದು ಕಡ್ಡಿ ಮುರಿದುಕೊಂಡು ಪಕೀರಮ್ಮ ಸತ್ತವಳ ಹೆಬ್ಬೆರಳಿನ ಉಗುರು ಕೆದಕುತ್ತಿದ್ದಳು. ಮಣ್ಣು ಹೊರಗೆ ಬರಲೊಲ್ಲದು. ಎರಡು ಸಲ ಬಿಸಿನೀರು ಹೊಯ್ದಾಗಿತ್ತು, ಸೀಗೆಪುಡಿ ಹಾಕಿ ತಿಕ್ಕಿಯೂ ಆಗಿತ್ತು. ಮೈಯೆಲ್ಲ ಸ್ವಚ್ಛವಾದರೂ ಹತ್ತು ಉಗುರುಗಳ ಕೆಳಗಿನ ಕಪ್ಪು ಗೆರೆ ಮಾತ್ರ ಹಾಗೇ ಇತ್ತು. ಮೂವತ್ತು ವರ್ಷ ಗೋಡೆಗೆ ಗೋಡೆ ಹಚ್ಚಿಕೊಂಡು ಬಾಳಿದವಳು ತಾನು, ಸತ್ತ ಮೇಲೂ ಇವಳ ಮೇಲೆ ಸಿಟ್ಟಾಗುವ ಹಕ್ಕು ತನಗಿದೆ ಎಂಬಂತೆ ಪಕೀರಮ್ಮ ಗೊಣಗುತ್ತಿದ್ದಳು.

"ಬಿಡ್ರಿ ಸಣ್ಣತ್ತಿ, ನಾ ಮಾಡ್ತೀನಿ," ಎಂದಳು ಲಾವಣ್ಯ.

ಸತ್ತವಳ ಸೊಸೆ ಆಗಷ್ಟೇ ಬಂದಿಳಿದಿದ್ದಳು. ನಿನ್ನೆ ಮಧ್ಯಾಹ್ನ ಗುಂಟೂರು ಸೀಮೆಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದಾಗ ಫೋನು ಬಂದಿತ್ತು. ಅವಳೂ ಗಂಡ ನಾಗೇಶನೂ ಉಟ್ಟ ಬಟ್ಟೆಯಲ್ಲೇ ಹೊರಟು, ಬಸ್ಸು ಹಿಡಿದು, ರೈಲು ಬದಲಿಸಿ, ಬೆಳಿಗ್ಗೆ ಕೋಸಗಿ ಸ್ಟೇಷನ್ನಿನಲ್ಲಿ ಇಳಿದಿದ್ದರು. ಅವಳ ಬೆರಳುಗಳಲ್ಲಿ ಕಾಯಿಯ ಘಾಟು ಇನ್ನೂ ಇತ್ತು. ಅತ್ತೆಯ ಕೈ ಹಿಡಿಯುವ ಮುಂಚೆ ಸೀರೆಗೆ ಎರಡೆರಡು ಸಲ ಒರೆಸಿಕೊಂಡಳು.

ಹುಲುಗಮ್ಮ ಸತ್ತದ್ದು ಹಿತ್ತಲಲ್ಲಿ. ಅವರೆ ಚಪ್ಪರದ ಕೆಳಗೆ ಕಳೆ ಕೀಳುತ್ತ ಕೂತವಳು ಹಾಗೇ ಗೋಡೆಗೆ ಒರಗಿದ್ದಳು. ಪಕೀರಮ್ಮ ಆಚೆಯಿಂದ ಮೂರು ಸಲ ಕೂಗಿ, ನಾಲ್ಕನೆಯ ಸಲ ಬೈದು, ಆಮೇಲೆ ಓಡಿಬಂದಿದ್ದಳು.

ಓಣಿಯಲ್ಲಿ ಜನ ಕಡಿಮೆ. ಡಿಸೆಂಬರಿನಿಂದ ಯುಗಾದಿಯವರೆಗೆ ಇಲ್ಲಿ ಮನುಷ್ಯರಿಗಿಂತ ಬೀಗಗಳೇ ಹೆಚ್ಚು. ಕೈಕಾಲು ಗಟ್ಟಿ ಇದ್ದವರೆಲ್ಲ ಕೂಲಿ ಹುಡುಕಿ ಗುಳೆ ಹೋಗುತ್ತಾರೆ, ಮುದುಕರು ಮಕ್ಕಳು ಉಳಿಯುತ್ತಾರೆ. ಹಾಗಾಗಿ ಹುಲುಗಮ್ಮನ ಸಾವಿಗೆ ಸೇರಿದವರೆಲ್ಲ ಹೆಚ್ಚುಕಡಿಮೆ ಅವಳ ಓರಗೆಯವರೇ. ಗೋನೆಗಂಡ್ಲದಿಂದ ಅವಳ ತಂಗಿಯ ಮನೆಯವರು ಒಂದು ಆಟೋ ತುಂಬ ಬಂದಿದ್ದರು. ಮಣ್ಣು ಕೊಡುವುದು ಹನ್ನೆರಡರ ಮೇಲೆ ಎಂದು ಜಂಬಪ್ಪ ಹೇಳಿದ್ದ. ಎಪ್ಪತ್ತರ ಈ ಮುದುಕ ಎದುರು ಮನೆಯವನು, ಓಣಿಯ ಎಲ್ಲ ಸಾವಿಗೂ ತಾನೇ ಯಜಮಾನ.

ಲಾವಣ್ಯಳ ಹೊಟ್ಟೆಯಲ್ಲಿ ಒಂದು ಮಾತು ಏಳು ವರ್ಷದಿಂದ ಕೂತಿತ್ತು. ಅತ್ತೆಯ ಹಿತ್ತಲನ್ನು ಒಂದು ಸಲ ಪೂರ್ತಿ ಸುಟ್ಟು ಹಾಕಿದವಳು ತಾನು. ಆ ತಪ್ಪಿನ ಹೆಸರು ಹೊತ್ತವಳು ಅತ್ತೆ. ಪ್ರತಿ ವರ್ಷ ಗುಳೆ ಹೊರಡುವ ದಿನ ಕಾಲಿಗೆ ಬೀಳುವಾಗ, ಯುಗಾದಿಗೆ ಬಂದಾಗ ನಾಲ್ಕು ಜನರ ಮುಂದೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದಳು. ಯುಗಾದಿ ಬಂದರೆ ನಾಲಿಗೆ ಏಳುತ್ತಿರಲಿಲ್ಲ. ಈಗ ಹನ್ನೆರಡರವರೆಗೆ ಮಾತ್ರ ಸಮಯವಿತ್ತು. ಅತ್ತೆಯ ಮುಖ ಕಾಣುತ್ತಿರುವಾಗಲೇ, ಅವಳೆದುರೇ ಹೇಳಬೇಕು ಎಂದು ಅವಳಿಗೆ ಅನಿಸಿತು.

* * *

ಹುಲುಗಮ್ಮನೂ ಗುಳೆ ಹೋದವಳೇ. ಇಪ್ಪತ್ತು ವರ್ಷ ತಪ್ಪದೆ ಹೋದಳು. ಮಳೆಗಾಲದಲ್ಲಿ ಹಿತ್ತಲಿಗೆ ನಾಲ್ಕು ಬೀಜ ಊರುತ್ತಿದ್ದಳು. ಬಳ್ಳಿ ಚಪ್ಪರ ಹತ್ತಿ ಹೂ ಕಾಣಿಸಿತು ಅನ್ನುವಷ್ಟರಲ್ಲಿ ಗುಳೆಯ ಲಾರಿ ಬಂದು ನಿಲ್ಲುತ್ತಿತ್ತು. ಯಾರದೋ ಹೊಲದ ಕಾಯಿ ಚೀಲಗಟ್ಟಲೆ ಬಿಡಿಸಿ ಊರಿಗೆ ಬಂದರೆ ತನ್ನ ಹಿತ್ತಲಲ್ಲಿ ಒಣಕಡ್ಡಿ. ಆದರೂ ಮುಂದಿನ ಮಳೆಗೆ ಮತ್ತೆ ಊರುತ್ತಿದ್ದಳು. ಹೋಗದ ಊರಿಗೆ ಯಾಕೆ ದಾರಿ ಕೇಳುತ್ತಾಳೋ ಎಂದು ಗಂಡ ನಗುತ್ತಿದ್ದ. ಅವನು ಹೋದ ಮೇಲೆ ನಗುವವರೂ ಇರಲಿಲ್ಲ.

ಕೊನೆಗೆ ಮೊಣಕಾಲು ಕೈಕೊಟ್ಟಿತು. ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ ಅವಳನ್ನು ಬಿಟ್ಟು ಹೋದ. ಬೇರೆಯವರಾಗಿದ್ದರೆ ಅತ್ತುಬಿಡುತ್ತಿದ್ದರು. ಹುಲುಗಮ್ಮ ಲಾರಿ ತಿರುವು ದಾಟುವವರೆಗೆ ಕೈಬೀಸಿ, ನೆಟ್ಟಗೆ ಹಿತ್ತಲಿಗೆ ಹೋಗಿ ನೀರು ಹಾಕಿದಳು. ಆ ವರ್ಷ ಮೊದಲ ಸಲ ಅವಳು ನೆಟ್ಟ ಅವರೆ ಕಾಯಾಯಿತು. ಮೊದಲ ಕೊಯ್ಲಿಗೆ ಸಿಕ್ಕಿದ್ದು ಒಂದೇ ಮೊರದಷ್ಟು. ಅದನ್ನೇ ಉಳಿದ ಏಳು ಮನೆಯ ಮುದುಕರಿಗೆ ಹಿಡಿಹಿಡಿ ಹಂಚಿ, ತನಗೆ ಸಾರಿಗೆ ಸಾಲದೆ ಪಕೀರಮ್ಮನ ಮನೆಯಲ್ಲೇ ಉಂಡಳು.

ಅಲ್ಲಿಂದ ಮುಂದೆ ಏಳುಬೀಳು ಇದ್ದದ್ದೇ. ಒಂದು ವರ್ಷ ಹೀರೆ ಕಹಿಯಾಯಿತು. ಒಂದು ವರ್ಷ ನಲ್ಲಿ ಬಂದ್ ಆಗಿ ಪಾತ್ರೆ ತೊಳೆದ ನೀರಲ್ಲೇ ಬದನೆ ಬದುಕಿತು. ಇನ್ನೊಂದು ವರ್ಷ ಪುಂಡಿಪಲ್ಯದ ಸೊಪ್ಪೆಲ್ಲ ಬೆಳಗಾಗುವುದರೊಳಗೆ ಬೋಳಾಗಿತ್ತು. ಕೋತಿ ತಿಂದವು ಎಂದು ಹುಲುಗಮ್ಮ ಓಣಿಗೆಲ್ಲ ಹೇಳಿದಳು. ಹೋದದ್ದಕ್ಕೆ ಎರಡು ದಿನಕ್ಕಿಂತ ಹೆಚ್ಚು ಕೊರಗುತ್ತಿರಲಿಲ್ಲ, ಬಂದದ್ದನ್ನು ಎರಡು ದಿನಕ್ಕಿಂತ ಹೆಚ್ಚು ಮನೆಯಲ್ಲಿಡುತ್ತಿರಲಿಲ್ಲ.

* * *

ಹನ್ನೊಂದಾಯಿತು. ಹುಲುಗಮ್ಮನನ್ನು ಹೊಸ ಸೀರೆ ಉಡಿಸಿ ಬಾಗಿಲ ಪಕ್ಕದ ಗೋಡೆಗೆ ಕೂರಿಸಿದ್ದರು. ಉಗುರಿನ ಮಣ್ಣು ಲಾವಣ್ಯಳ ಕೈಗೂ ಬಗ್ಗಿರಲಿಲ್ಲ. ಇರಲಿ, ಹೋಗುವುದೂ ಮಣ್ಣಿಗೇ ಅಲ್ಲವೇ ಎಂದು ಪಕೀರಮ್ಮ ಕಡ್ಡಿ ಎಸೆದಿದ್ದಳು.

ಲಾವಣ್ಯ ಎರಡು ಸಲ ಬಾಯಿ ತೆರೆದಳು. ಮೊದಲ ಸಲ ಗೋನೆಗಂಡ್ಲದ ತಂಗಿ ಬಂದು ಅಕ್ಕನ ಮಡಿಲಿಗೆ ಬಿದ್ದಳು. ಎರಡನೆಯ ಸಲ ಚಟ್ಟ ಕಟ್ಟಲು ಹಗ್ಗ ಸಾಲದೆಂದು ನಾಗೇಶ ಕರೆದ. ಅಳು ಒಂದಷ್ಟು ತಣ್ಣಗಾದಾಗ, ಜಂಬಪ್ಪ ಗೋನೆಗಂಡ್ಲದವರಿಗೆ ಸತ್ತವಳ ಸುದ್ದಿ ಹೇಳಲು ಶುರುಮಾಡಿದ. ಸಾವಿನ ಮನೆಯಲ್ಲಿ ಅವನ ಕೆಲಸವೇ ಅದು, ಸ್ವಲ್ಪ ಅಳಿಸಿ ಸ್ವಲ್ಪ ನಗಿಸುವುದು.

ಇವಳಿಗೆ ಎಣ್ಣಿ ಹುಲುಗಮ್ಮ ಎಂಬ ಹೆಸರು ಯಾಕೆ ಬಂತು ಗೊತ್ತೇ ಎಂದು ಕೇಳಿದ. ಪೈರಿಗೆ ಹೊಡೆಯುವ ಔಷಧಕ್ಕೆ ಈ ಕಡೆ ಎಣ್ಣಿ ಅನ್ನುತ್ತಾರೆ. ಬದನೆಗೆ ಹೇನು ಹತ್ತಿದವೆಂದು ಈ ಶಾಣ್ಯಾ ಮುದುಕಿ ಎಕರೆಗೆ ಆಗುವಷ್ಟು ಎಣ್ಣಿ ಹಿತ್ತಲಿಗೆ ಹೊಡೆದಳು, ಹೇನಿನ ಜೊತೆ ಇಡೀ ತೋಟವನ್ನೇ ಕೊಂದಳು, ಏಳು ವರ್ಷವಾಯಿತು, ಇವತ್ತಿಗೂ ಅಂಗಡಿ ತಿರುಪತಿ ಇವಳನ್ನು ಕಂಡರೆ ಡಬ್ಬಿ ಮುಚ್ಚಿಡುತ್ತಾನೆ ಎಂದ. ಕಣ್ಣೊರೆಸಿಕೊಳ್ಳುತ್ತಿದ್ದವರೂ ನಕ್ಕರು. ತಂಗಿಯೂ ನಕ್ಕಳು. ಗೋಡೆಗೊರಗಿ ಕೂತ ಹುಲುಗಮ್ಮನ ಮುಖವೂ ಇದಕ್ಕೆ ಒಪ್ಪಿಗೆ ಕೊಟ್ಟಂತೆಯೇ ಇತ್ತು.

ಲಾವಣ್ಯ ನಗಲಿಲ್ಲ.

* * *

ಅದು ಅವಳು ಮದುವೆಯಾಗಿ ಬಂದ ಮೊದಲ ವರ್ಷ. ಗುಂಟೂರಿನಿಂದ ವಾಪಸು ಬರುವಾಗ ಹೊಲದಲ್ಲಿ ಉಳಿದಿದ್ದ ಎಣ್ಣಿಯನ್ನು ನೀರಿನ ಬಾಟಲಿಗೆ ತುಂಬಿಕೊಂಡು ತಂದಿದ್ದಳು. ಅತ್ತೆಯ ಬದನೆಯ ಎಲೆ ತಿರುವಿದರೆ ಸಾಸಿವೆ ಚೆಲ್ಲಿದಂತೆ ಹೇನು. ಅತ್ತೆ ದಿನಾ ಬೂದಿ ಚಿಮುಕಿಸುತ್ತ ಅವುಗಳೊಂದಿಗೆ ಜಗಳವಾಡುವುದನ್ನು ಕಂಡು ಹೊಸ ಸೊಸೆಗೆ ನಗು ಬರುತ್ತಿತ್ತು. ಒಂದು ದಿನ ಅತ್ತೆ ತಂಗಿಯ ಮನೆಗೆ ಗೋನೆಗಂಡ್ಲಕ್ಕೆ ಹೋದಳು. ನಾಗೇಶ ಆದೋನಿಗೆ ಕೆಲಸಕ್ಕೆ ಹೋಗಿದ್ದ. ಅತ್ತೆ ಬರುವುದರೊಳಗೆ ಗಿಡ ಸ್ವಚ್ಛ ಮಾಡಿ ಮೆಚ್ಚಿಸಬೇಕು ಅನ್ನಿಸಿತು. ಹೊಲದಲ್ಲಿ ಒಂದು ಟ್ಯಾಂಕಿಗೆ ಒಂದು ಮುಚ್ಚಳ ಹಾಕುವುದನ್ನು ಅವಳು ನೋಡಿದ್ದಳು. ಜಾಸ್ತಿ ಹಾಕಿದರೆ ಜಲ್ದಿ ಸಾಯುತ್ತವೆ ಎಂದು ಒಂದು ಬಕೆಟ್ಟಿಗೆ ಐದು ಮುಚ್ಚಳ ಹಾಕಿ, ಪೊರಕೆ ಅದ್ದಿ ಅದ್ದಿ ಹಿತ್ತಲೆಲ್ಲ ಚಿಮುಕಿಸಿದಳು.

ಮಾರನೆಯ ದಿನ ಬದನೆ, ಬೆಂಡೆ, ಹೀರೆ ಎಲ್ಲ ಸುಟ್ಟು ನಿಂತಿದ್ದವು. ಲಾವಣ್ಯ ಹಿತ್ತಲ ಬಾಗಿಲು ಹಾಕಿ ಒಲೆಯ ಮುಂದೆ ಕೂತಳು. ಅವಳಿಗೆ ಗೊತ್ತಿತ್ತು, ಹಸಿರು ತೋಟ ಹೊಸ ಸೊಸೆಯ ಕೈಯಲ್ಲಿ ಒಣಗಿತು ಎಂದರೆ ಓಣಿಯವರು ಗಿಡದ ಮಾತಿಗೆ ನಿಲ್ಲಿಸುವುದಿಲ್ಲ. ಕೈಗುಣದ ಮಾತು ಬರುತ್ತದೆ. ಮುಂದೆ ಎಮ್ಮೆ ಬತ್ತಿದರೂ, ಮಗುವಾಗುವುದು ತಡವಾದರೂ ಅದೇ ಮಾತು ಬರುತ್ತದೆ.

ಮಧ್ಯಾಹ್ನ ಬಂದ ಅತ್ತೆ ಬಾಗಿಲು ತೆಗೆದು, ವಾಸನೆ ನೋಡಿ, ಬಾಟಲಿ ನೋಡಿದಳು. ಬೈಯಲಿಲ್ಲ. ಹತ್ತಿರ ಬಂದು ಸೊಸೆಯ ಎರಡೂ ಕೈ ಹಿಡಿದು ತಿರುವಿದಳು.

"ಕೈ ತೊಳ್ಕಂಡೇನು? ಈ ಕೈಲೆ ಏನರ ತಿಂದೇನು?"

ಏನೂ ತಿಂದಿಲ್ಲ ಎಂದಮೇಲೆ ನೆಲಕ್ಕೆ ಕೂತು ಉಸಿರು ಬಿಟ್ಟಳು. ಆಮೇಲೆ ಸೋಪು ತಂದು ಸಣ್ಣ ಮಗುವಿಗೆ ತೊಳೆಯುವಂತೆ ಸೊಸೆಯ ಕೈಗಳನ್ನು ಮೊಣಕೈವರೆಗೆ ಮೂರು ಸಲ ತೊಳೆದಳು. ಸಂಜೆ ನಲ್ಲಿಯ ಹತ್ತಿರ ನಿಂತು, ಬಸ್ ಹತ್ತುವ ಮುಂಚೆ ತಾನೇ ಎಣ್ಣಿ ಹೊಡೆದು ಹೋಗಿದ್ದೆ, ತನ್ನ ತೋಟ ತಾನೇ ಸುಟ್ಟುಕೊಂಡೆ ಎಂದು ಓಣಿಗೆಲ್ಲ ಕೇಳಿಸುವಂತೆ ಹೇಳಿದಳು. ಎರಡು ದಿನದಲ್ಲಿ ಹೆಸರು ಬಂತು. ಮೇಲುಮಣ್ಣು ಒಂದು ಗೇಣು ಅಗೆದು ಊರಾಚೆಯ ಗುಂಡಿಗೆ ಹಾಕಲು ಅವಳಿಗೆ ಹದಿನೈದು ದಿನ ಹಿಡಿಯಿತು. ಮನೆಗೊಂದು ಬುಟ್ಟಿ ಗೊಬ್ಬರ ಕೊಟ್ಟವರು ನಕ್ಕೇ ಕೊಟ್ಟರು. ಅವಳೂ ನಕ್ಕು ಇಸಿದುಕೊಂಡಳು.

* * *

"ಅದು ಅತ್ತಿ ಅಲ್ಲ," ಎಂದಳು ಲಾವಣ್ಯ. "ಎಣ್ಣಿ ಹೊಡದಾಕಿ ನಾನು."

ನಗು ನಿಂತಿತು. ಚಟ್ಟಕ್ಕೆ ಗಂಟು ಹಾಕುತ್ತಿದ್ದ ನಾಗೇಶ ತಲೆ ಎತ್ತಿದ. ಲಾವಣ್ಯ ಯಾರನ್ನೂ ನೋಡಲಿಲ್ಲ, ಅತ್ತೆಯ ಮುಖ ನೋಡಿಕೊಂಡು ಎಲ್ಲವನ್ನೂ ಹೇಳಿದಳು. ಬಾಟಲಿ, ಐದು ಮುಚ್ಚಳ, ಒಲೆಯ ಮುಂದೆ ಕೂತದ್ದು, ಸೋಪು. ಹೇಳುತ್ತ ಹೇಳುತ್ತ ಬೆಳಗಿನಿಂದ ಬಾರದ ಅಳು ಬಂತು. ಏಳು ವರ್ಷ ನೀವೆಲ್ಲ ಅತ್ತೆಯನ್ನು ಕಂಡು ನಗುವಾಗ ತಾನೂ ಬಾಗಿಲಲ್ಲಿ ನಿಂತು ಕೇಳಿದ್ದೇನೆ ಎಂದಳು.

ಜಂಬಪ್ಪ ಹೆಗಲ ಮೇಲಿನ ಟವೆಲು ತೆಗೆದು ಮತ್ತೆ ಹಾಕಿಕೊಂಡ. ಮಾತು ಬಂದದ್ದು ಪಕೀರಮ್ಮನಿಂದ.

"ನನಗ ಗೊತ್ತೈತವ್ವ. ನೀ ಪೊರಕಿ ತಗಂಡು ಚಿಮುಕ್ಸೋದು ಗ್ವಾಡಿ ಮ್ಯಾಲಿಂದ ನೋಡೀನಿ. ನಿಮ್ಮತ್ತಿಗೆ ಹೇಳಾಕ ಹೋದ್ರ ನನ್ನ ಕೈ ಹಿಡಕಂಡ್ಲು. 'ನನ್ನ ಹೆಸರು ಹೇಳಿ ಜೋರಾಗಿ ನಗು ಪಕೀರಿ, ಎಲ್ಲಾರೂ ನಗಂಗ ನಗು. ನಾ ಮುದುಕಿ, ನಗಿಸ್ಕಂಡ್ರ ನಂದೇನು ಹೋಗ್ತೈತಿ. ನನ್ನ ಸೊಸಿ ಕೈಗುಣಕ್ಕ ಹೆಸರು ಬಂದ್ರ ಸಾಯೋಮಟ ಬಿಡಂಗಿಲ್ಲ,' ಅಂದ್ಲು." ಪಕೀರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎಣ್ಣಿ ಹುಲುಗಮ್ಮ ಅಂತ ಮೊದ್ಲು ಕರದಾಕಿ ನಾನು. ಆಕಿ ಹೇಳಿದ್ಕ ಕರದೆ."

ಜಂಬಪ್ಪ ಬಂದು ಹುಲುಗಮ್ಮನ ಎದುರಿಗೆ ಕುಕ್ಕರಿಸಿದ. ಯಜಮಾನಿಕೆಯ ದನಿ ಹೋಗಿ ಬೇರೆ ದನಿ ಬಂದಿತ್ತು.

"ಪುಂಡಿಪಲ್ಯ ಕೋತಿ ತಿಂದ್ವು ಅಂತಿದ್ಲಲ್ಲ, ಕೋತಿ ಅಲ್ಲ ಅದು. ನನ್ನ ಮೇಕಿ. ನಾ ಕಟ್ಟೋದು ಮರ್ತಿದ್ದೆ. ಬೆಳಿಗ್ಗೆ ತಾನೇ ಹಗ್ಗ ಹಿಡಕಂಡು ತಂದು ಕಟ್ಟಿ ಹೋದ್ಲು."

ಇಷ್ಟು ಹೇಳಿ ಅವನು ಅತ್ತುಬಿಟ್ಟ. ಮೂಲೆಮನೆಯ ಊರಮ್ಮ ತಾನೂ ಒಂದು ಹೇಳುವುದಿದೆ ಎಂದು ಮೆಲ್ಲಗೆ ಶುರುಮಾಡಿದಳು. ಹೋದ ವರ್ಷ ಕಾಣದಾದ ಕುಂಬಳಕಾಯಿಯ ಕಥೆ ಅದು. ಅಳುವವರ ನಡುವೆ ಮತ್ತೆ ನಗು ಎದ್ದಿತು, ಈ ಸಲ ಲಾವಣ್ಯಳಿಗೂ ಬಂತು. ನಾಗೇಶ ಎದ್ದು ಬಂದು ಅವ್ವನ ಪಾದದ ಹತ್ತಿರ ಹೆಂಡತಿಯ ಪಕ್ಕ ಕೂತ. ಅವಳ ಕೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡ. ಎಂಥ ಮನೆಗೆ ಬಂದು ಬಿದ್ದೆ ನಾನು, ಪುಣ್ಯ ಮಾಡಿದ್ದೆ ಎಂದು ಲಾವಣ್ಯಳಿಗೆ ಅನಿಸಿತು.

* * *

ಹೊರಲು ಸರದಿ ಬದಲಿಸುವಷ್ಟು ಗಂಡಸರಿರಲಿಲ್ಲ. ನಾಗೇಶ, ಗೋನೆಗಂಡ್ಲದವರಿಬ್ಬರು, ಅಂಗಡಿ ತಿರುಪತಿ ಹೆಗಲು ಕೊಟ್ಟರು. ಜಂಬಪ್ಪ ಬೇಡವೆಂದರೂ ಕೇಳದೆ ಹತ್ತು ಹೆಜ್ಜೆ ಹೊತ್ತ. ಹೆಂಗಸರೂ ಮಸಣದವರೆಗೆ ನಡೆದರು. ಲಾವಣ್ಯ ಮೂರು ಹಿಡಿ ಮಣ್ಣು ಹಾಕಿದಳು. ಹೆಂಟೆ ಇದ್ದದ್ದನ್ನು ಬೆರಳಲ್ಲಿ ಪುಡಿಮಾಡಿ ಹಾಕಿದಳು.

ಮಣ್ಣು ಕೊಟ್ಟು ಬಂದವರು ಕಾಲು ತೊಳೆದು ದೀಪ ನೋಡಿ ಮನೆಗೆ ಹೋಗಬೇಕು. ಬಾಗಿಲ ಮುಂದೆ ಬಕೆಟ್ಟು ತುಂಬಿತ್ತು. ಲಾವಣ್ಯ ತಂಬಿಗೆ ಹಿಡಿದು ನಿಂತಳು. ಮುದುಕಿಯರು ಬಕೆಟ್ಟು ನೋಡಿದರು, ಬಾಗಿಲ ಮುಂದಿನ, ನೀರು ಇಂಗದ ಸಿಮೆಂಟು ರಸ್ತೆ ನೋಡಿದರು. ಯಾರೂ ಹೇಳದೆ, ಒಬ್ಬರ ಹಿಂದೊಬ್ಬರು ಮನೆ ಸುತ್ತಿ ಹಿತ್ತಲಿಗೆ ನಡೆದರು. ಊರಮ್ಮ ಬೆಂಡೆಯ ಸಾಲಿಗೆ ಹೋಗಿ ನಿಂತಳು, ಇನ್ನೊಬ್ಬಳು ಹೀರೆಯ ಬುಡಕ್ಕೆ. ಲಾವಣ್ಯ ಬಕೆಟ್ಟು ಹೊತ್ತು ಬಂದು ಒಬ್ಬೊಬ್ಬರ ಕಾಲಿಗೂ ನೀರು ಹಾಕಿದಳು.

ಎಲ್ಲರದೂ ಆದ ಮೇಲೆ ಪಕೀರಮ್ಮ ತಂಬಿಗೆ ಕಸಿದುಕೊಂಡಳು. ದೊಡ್ಡವರ ಕೈಲಿ ಕಾಲಿಗೆ ನೀರು ಹಾಕಿಸಿಕೊಳ್ಳುವುದೇ ಎಂದು ಲಾವಣ್ಯ ಹಿಂದೆ ಸರಿದಳು.

"ನಿಂದ್ರು," ಎಂದಳು ಪಕೀರಮ್ಮ.

ಲಾವಣ್ಯ ಸೀರೆ ಎತ್ತಿಕೊಂಡು ಬದನೆಯ ಪಾತಿಯಲ್ಲಿ ನಿಂತಳು. ಮುದುಕಿ ಬಗ್ಗಿ ನೀರು ಬಿಟ್ಟು, ಇನ್ನೊಂದು ಕೈಯಿಂದ ಅವಳ ಪಾದ ತಿಕ್ಕಿದಳು. ಮೊದಲು ಮಸಣದ ಮಣ್ಣು ಹೋಯಿತು, ಆಮೇಲೆ ಹಿಮ್ಮಡಿಯ ಸೀಳುಗಳಲ್ಲಿ ಕೂತಿದ್ದ ಮೆಣಸಿನಕಾಯಿಯ ಕೆಂಪು. ಎರಡೂ ಬದನೆಯ ಬುಡದಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಮೆಲ್ಲಗೆ ಇಂಗಿದವು.