ತೆಕ್ಕೇಕರೆಯ ಹೆಂಗಸರಿಗೆ ಸಿಕ್ಕ ಭರವಸೆ

ಬಿಷಪ್ಪರ ಮನೆಯ ಕೆಳ ಅಂತಸ್ತಿನಲ್ಲಿ, ಅಡುಗೆಮನೆಗೂ ಕಾರ್ ಶೆಡ್ಡಿಗೂ ನಡುವೆ, ಧರ್ಮಪ್ರಾಂತ್ಯದ ಮಾಧ್ಯಮ ಕಚೇರಿ ಇತ್ತು. ಅಲ್ಲಿ ಬರೆಯುವುದು ಮೆಟಿಲ್ಡಳ ಕೆಲಸ, ತಿದ್ದುವುದು ಫಾದರ್ ಲಿಯೋಪೋಲ್ಡರ ಕೆಲಸ. ಆ ಮಲಯಾಳ ಸೀಮೆಯಲ್ಲಿ ಫಾದರನ್ನು ಎಲ್ಲರೂ ಅಚ್ಚೋ ಎಂದೂ ಬಿಷಪ್ಪರನ್ನು ಪಿತಾವು ಎಂದೂ ಕರೆಯುತ್ತಿದ್ದರು. ಫಾದರ್ ರೋಮಿನಲ್ಲಿ ಸಂವಹನಶಾಸ್ತ್ರ ಓದಿ ಬಂದವರು. ಅಲ್ಲಿಂದ ಹೊತ್ತು ತಂದ ಕಾಫಿ ಯಂತ್ರ ಕೆಟ್ಟು ಮೂಲೆ ಸೇರಿತ್ತು, ಶಾಸ್ತ್ರ ಮಾತ್ರ ಇನ್ನೂ ಜೋರಾಗಿ ಓಡುತ್ತಿತ್ತು. ಮೆಟಿಲ್ಡ ಮೊದಲು ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದಳು. ಆ ಪತ್ರಿಕೆ ಬಾಗಿಲು ಹಾಕಿದ ಮೇಲೆ ಇಲ್ಲಿಗೆ ಬಂದಳು. ಧರ್ಮಪ್ರಾಂತ್ಯದಲ್ಲಿ ಜಗಳ ಎಂಬುದು ನಡೆಯುವುದೇ ಇಲ್ಲ, ನಡೆದರೆ ಅದು ಮುಕ್ತ ಸಂವಾದ ಎಂಬುದನ್ನು ಬಂದ ವಾರದಲ್ಲೇ ಕಲಿತುಬಿಟ್ಟಳು.

ಆ ಭಾನುವಾರ ಬಿಷಪ್ಪರು ತೆಕ್ಕೇಕರೆಗೆ ಹೊರಟರು. ಅಲ್ಲಿನ ಇಗರ್ಜಿಯ ಹಿಂದಿನ ಮರಳಿನಲ್ಲಿ ಬೆಸ್ತರ ಹೆಂಗಸರು ತಲೆತಲಾಂತರದಿಂದ ಮೀನು ಒಣಗಿಸುತ್ತಿದ್ದರು. ಆ ಜಾಗದಲ್ಲಿ ಮದುವೆ ಹಾಲ್ ಕಟ್ಟಿಸಬೇಕೆಂದು ಧರ್ಮಪ್ರಾಂತ್ಯ ತೀರ್ಮಾನಿಸಿತ್ತು. ಹೆಂಗಸರು ಫಲಕ ಹಿಡಿದು ರಸ್ತೆಗೆ ಅಡ್ಡ ಕೂತರು. ಬಿಷಪ್ಪರ ಕಾರಿನ ಗಾಜು ಕೆಳಗಿಳಿಯಲಿಲ್ಲ. ಮುಂದೆ ಕೂತಿದ್ದ ಸಿಲುವಮ್ಮ ಎದ್ದು, ಎರಡೂ ಕೈ ಮೇಲೆತ್ತಿ, ಈ ಮರಳು ಮುಟ್ಟಿದವರ ಕರುಳಿಗೆ ಹುಳ ಬೀಳಲಿ ಎಂದು ಒಬ್ಬೊಬ್ಬ ಸಂತರ ಹೆಸರನ್ನೂ ಕರೆದು ಬೇಡಿಕೊಂಡಳು. ಕಾರು ಹಿಂದಕ್ಕೆ ತಿರುಗಿತು. ಬಿಷಪ್ಪರು ಊಟದ ಹೊತ್ತಿಗೆ ಮನೆಯಲ್ಲಿದ್ದರು.

ಹಿಂದಿನ ಕಾರಿನಲ್ಲಿ ಹೋಗಿದ್ದ ಫಾದರ್, ತಾವು ತೆಗೆದ ಫೋಟೋಗಳನ್ನು ಮೆಟಿಲ್ಡಳ ಮುಂದಿಟ್ಟರು.

"ಇದ್ರಲ್ಲಿ ಭಕ್ತಿ ಕಾಣೋದು ಯಾವುದು ನೋಡು."

"ಒಂದ್ರಲ್ಲೂ ಇಲ್ಲ ಅಚ್ಚೋ. ಅವಳು ಶಾಪ ಹಾಕ್ತಿದ್ದಾಳೆ."

"ಫೋಟೋದಲ್ಲಿ ಶಬ್ದ ಕೇಳ್ಸಲ್ವಲ್ಲ."

ಮೆಟಿಲ್ಡ ಕೆಳಗಡೆ ಕತ್ತರಿಸಿದಳು, ಫಲಕಗಳು ಹೋದವು. ಬಲಗಡೆ ಕತ್ತರಿಸಿದಳು, ಪೊಲೀಸ್ ಜೀಪು ಹೋಯಿತು. ಕೈ ಮೇಲೆತ್ತಿ, ಕಣ್ಣು ಅರೆಮುಚ್ಚಿ, ಬಾಯಿ ತೆರೆದ ಸಿಲುವಮ್ಮ ಉಳಿದಳು. ಪವಿತ್ರಾತ್ಮ ಮೈದುಂಬಿದವಳು ಹೀಗೇ ಇರುತ್ತಾಳೆ. 'ತೆಕ್ಕೇಕರೆಯಲ್ಲಿ ಪಿತಾವಿಗೆ ಭಾವಪೂರ್ಣ ಸ್ವಾಗತ' ಎಂದು ತಲೆಬರಹ ಕೊಟ್ಟಳು. ಕೆಳಗೆ, 'ಜನರ ಅಹವಾಲನ್ನು ತಂದೆಯ ವಾತ್ಸಲ್ಯದಿಂದ ಆಲಿಸಿದ ಬಿಷಪ್ಪರು, ಮೀನು ಒಣಗಿಸುವ ಜಾಗಕ್ಕೆ ಯಾವ ಧಕ್ಕೆಯೂ ಬಾರದೆಂದು ಭರವಸೆ ನೀಡಿದರು' ಎಂದು ಬರೆದಳು. ಇಂಥ ವರದಿಗಳೆಲ್ಲ ಭರವಸೆಯಲ್ಲೇ ಮುಗಿಯುತ್ತಿದ್ದವು. ರಸ್ತೆಗೆ ಭರವಸೆ, ಬಾವಿಗೆ ಭರವಸೆ, ಸ್ಮಶಾನದ ಗೋಡೆಗೆ ಭರವಸೆ. ಅದನ್ನು ಓದಿಕೊಂಡು ಯಾರೂ ಕೇಳಲು ಬಂದ ಉದಾಹರಣೆ ಇರಲಿಲ್ಲ. ಫಾದರ್ 'ತಂದೆಯ' ಎಂಬುದನ್ನು ಹೊಡೆದು 'ಕುರುಬನ' ಎಂದು ತಿದ್ದಿ, ತೃಪ್ತಿಯಿಂದ ಫೇಸ್‌ಬುಕ್ಕಿಗೆ ಏರಿಸಿದರು.

ಮಂಗಳವಾರ ಬೆಳಿಗ್ಗೆ ಬಿಷಪ್ಪರ ಮನೆಯ ಗೇಟಿನಲ್ಲಿ ಒಂದು ಬಸ್ಸಿನಷ್ಟು ಹೆಂಗಸರು ಇಳಿದರು. ಎಲ್ಲರೂ ಹಬ್ಬದ ಸೀರೆ ಉಟ್ಟಿದ್ದರು. ಕೈಯಲ್ಲಿ ಆಳೆತ್ತರದ ಹಾರ, ಹಿಂದೆ ಟೀವಿಯವರ ಕ್ಯಾಮೆರಾ. ಸಿಲುವಮ್ಮ ನೇರ ಕಚೇರಿಗೆ ಬಂದು, ಮಗಳನ್ನು ಕರೆಯುವಂತೆ ಮೆಟಿಲ್ಡಳನ್ನು ಕರೆದು, ಫೋನಿನಲ್ಲಿದ್ದ ವರದಿ ತೋರಿಸಿದಳು.

"ಇದು ನಾನೇ ತಾನೆ? ಚೆನ್ನಾಗಿ ಬಂದಿದೆ ಮೋಳೇ. ಮದುವೆ ಫೋಟೋದಲ್ಲೂ ನನ್ನ ಮುಖಕ್ಕೆ ಈ ಕಳೆ ಇರ್ಲಿಲ್ಲ. ಪಿತಾವ್ ಮಾತು ಕೊಟ್ಟಿದ್ದಾರಲ್ಲ, ಹಾರ ಹಾಕಿ ಹೋಗೋಣ ಅಂತ ಬಂದ್ವಿ."

ಫಾದರ್ ಲಿಯೋಪೋಲ್ಡರು ನಡುವೆ ಬಂದು, ಅಕ್ಕನನ್ನು ಒಲಿಸುವ ದನಿ ತೆಗೆದರು. "ಚೇಚಿ, ಅದು ಸ್ವಲ್ಪ ಅಚ್ಚಿನ ತಪ್ಪಾಗಿದೆ."

"ಯಾವುದು ಅಚ್ಚೋ? ಸ್ವಾಗತ ತಪ್ಪೋ, ಭರವಸೆ ತಪ್ಪೋ? ಹೇಳ್ಬಿಡಿ, ಹೊರಗೆ ಟೀವಿಯವ್ರು ಪಾಪ ಬಿಸಿಲಲ್ಲಿ ನಿಂತಿದ್ದಾರೆ."

ಫಾದರ್ ಮೆಟಿಲ್ಡಳನ್ನು ಕರೆದುಕೊಂಡು ಮಹಡಿಗೆ ಓಡಿದರು. ಬಿಷಪ್ಪರು ವರದಿಯನ್ನು ಮೊದಲ ಸಲವೆಂಬಂತೆ ಓದಿದರು.

"ನಾನು ಹೀಗೆ ಹೇಳಿದ್ನಾ?"

"ನೀವು ಕಾರಿಂದ ಇಳೀಲೇ ಇಲ್ಲ ಪಿತಾವೇ," ಎಂದಳು ಮೆಟಿಲ್ಡ.

"ಹಾಗಾದ್ರೆ ಅಲ್ಲಗಳೆದು ಒಂದು ಹೇಳಿಕೆ ಕೊಟ್ಬಿಡೋಣ," ಎಂದರು ಫಾದರ್.

"ಕೊಡ್ಬಹುದು ಅಚ್ಚೋ. ಆಗ ಇಳೀಲಿಲ್ಲ ಅನ್ನೋದನ್ನೂ ಬರೀಬೇಕಾಗುತ್ತೆ."

ಬಿಷಪ್ಪರು ಕಿಟಕಿಯ ಕಡೆ ನೋಡಿದರು. ಅವರ ಸಂಕಟ ಬೇರೆಯೇ ಇತ್ತು. ಫೋಟೋ ಬಹಳ ಹಿಡಿಸಿ, ಭಾನುವಾರ ಸಂಜೆಯೇ ಅದನ್ನು ದೆಹಲಿಯಲ್ಲಿರುವ ಪೋಪರ ರಾಯಭಾರಿಗೆ ಕಳಿಸಿದ್ದರು. ಬಡವರ ಬಳಿಗೆ ನಡೆದು ಹೋದ ಕುರುಬನಿಗೆ ಅಭಿನಂದನೆ ಎಂದು ಅಲ್ಲಿಂದ ಉತ್ತರವೂ ಬಂದಿತ್ತು. ಇನ್ನು ಹೋಗಲಿಲ್ಲ ಎನ್ನುವಂತಿರಲಿಲ್ಲ.

"ನನ್ನ ಶಿಲುಬೆ ಎಲ್ಲಿ?" ಎಂದು ಕೇಳಿ, ಸರ ಸರಿಮಾಡಿಕೊಂಡು, ಮೆಟ್ಟಿಲಿಳಿದರು.

ಅಂಗಳದಲ್ಲಿ ಹಾರ ಅವರ ಕೊರಳಿಗೆ ಬಿತ್ತು. ತೂಕಕ್ಕೆ ತಲೆ ಬಾಗಿತು, ಟೀವಿಯಲ್ಲಿ ಅದು ವಿನಯದಂತೆ ಕಂಡಿತು. ಮದುವೆ ಹಾಲಿನ ಗತಿ ಏನು ಎಂದು ಮೈಕಿನವನು ಕೇಳಿದ. ಬಿಷಪ್ಪರು ಒಮ್ಮೆ ಸಿಲುವಮ್ಮನ ಕೈಗಳನ್ನು ನೋಡಿದರು. ಅವು ಮೇಲೇಳಲು ಸಿದ್ಧವಾಗಿದ್ದವು.

"ಆ ಮರಳು ಅವರದೇ. ಹಾಲ್ ಕಟ್ಟೋದಿಲ್ಲ," ಎಂದರು.

ಮೆಟಿಲ್ಡ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಇಲ್ಲಿಗೆ ಬಂದ ಮೇಲೆ ಅವಳು ಬರೆದದ್ದೊಂದು ನಿಜವಾದದ್ದು ಅದೇ ಮೊದಲು. ಹಿಗ್ಗಬೇಕೋ ನಾಚಬೇಕೋ ತಿಳಿಯದೆ ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು.

ಹಾಲ್ ಕಟ್ಟುವುದು ನಿಂತಿತು. ಫಾದರ್ ಲಿಯೋಪೋಲ್ಡರನ್ನು ಕೊಚ್ಚಿಯ ಸಮ್ಮೇಳನಕ್ಕೆ ಕರೆದರು. ಜನರ ದನಿಗೆ ಕಿವಿಗೊಡುವುದು ಹೇಗೆ ಎಂಬುದರ ಮೇಲೆ ಅವರು ಮುಕ್ಕಾಲು ಗಂಟೆ ಮಾತಾಡಿದರು, ಯಾರಿಗೂ ಪ್ರಶ್ನೆ ಕೇಳಲು ಬಿಡಲಿಲ್ಲ. ಪರದೆಯ ಮೇಲೆ ಸಿಲುವಮ್ಮನ ಫೋಟೋ ಇತ್ತು.

ಕೆಲವು ವಾರಗಳ ಮೇಲೆ ಮೆಟಿಲ್ಡ ಬಸ್ಸಿಗೆ ಕಾಯುತ್ತಿದ್ದಾಗ, ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಸಿಲುವಮ್ಮ ಬಂದು ಪಕ್ಕದಲ್ಲಿ ಕೂತಳು.

"ನಿಜ ಹೇಳು ಮೋಳೇ. ಬೇಕಂತಲೇ ಬರೆದ್ಯಾ?"

"ಇಲ್ಲ ಚೇಚಿ. ಕೈಗೆ ರೂಢಿಯಾಗಿತ್ತು."

ಸಿಲುವಮ್ಮ ಬಹಳ ಹೊತ್ತು ನಕ್ಕಳು. ಆಮೇಲೆ, "ಹೋಗ್ಲಿ ಬಿಡು. ನಮ್ಮಲ್ಲಿ ಕಡಲಿಗೆ ತಡೆಗೋಡೆ ಬೇಕು. ಅದನ್ನೂ ಒಂದು ಸಾಲು ಬರೆದುಬಿಡು," ಎಂದಳು.

"ನಂಗೀಗ ಬರೆಯೋ ಕೆಲಸ ಇಲ್ಲ. ಫೋಟೋ ಕತ್ತರಿಸೋದಷ್ಟೇ. ಬರೆಯೋಕೆ ವಕೀಲರನ್ನ ಇಟ್ಕೊಂಡಿದ್ದಾರೆ."

"ವಕೀಲರಾ?" ಸಿಲುವಮ್ಮ ಬುಟ್ಟಿ ಎತ್ತಿಕೊಂಡಳು. "ಅವರು ಸುಳ್ಳನ್ನ ಜೋಪಾನವಾಗಿ ಬರೀತಾರೆ. ನಮ್ಮಂಥವ್ರಿಗೆ ಅದರಿಂದ ಏನೂ ಗಿಟ್ಟಲ್ಲ."

ಬಸ್ಸು ಬಂತು. ಇಬ್ಬರೂ ಹತ್ತಿದರು.