ಸತ್ತವನ ಹೆಸರಿನ ಮೊಟ್ಟೆಗಳು

ನಾನು ಒಂದು ರಬ್ಬರ್ ಸ್ಟಾಂಪು. ನಮ್ಮ ಕಡೆ ಶಿಕ್ಕಾ ಎನ್ನುತ್ತಾರೆ. ಸಿಂಧನೂರಿನ ಬಸ್ ನಿಲ್ದಾಣದ ಎದುರಿನ ಸಣ್ಣ ಅಂಗಡಿಯೊಂದರಲ್ಲಿ ಅರ್ಧ ಗಂಟೆಯಲ್ಲಿ ಹುಟ್ಟಿದೆ. ‘ಕೇಂದ್ರ ಅನುದಾನದಿಂದ ಪಾವತಿಸಲಾಗಿದೆ’ ಎಂದು ಮೈಮೇಲೆ ಕೊರೆದಿದ್ದರಿಂದ, ದೆಹಲಿಯೇ ನನ್ನ ತವರೆಂದು ಕೆಲವು ದಿನ ಬೀಗಿದ್ದೂ ಉಂಟು.

ನನ್ನನ್ನು ಕೊಂಡದ್ದು ಒಂದು ಆರೋಗ್ಯ ಸಂಸ್ಥೆ. ಸುತ್ತಲಿನ ಹಳ್ಳಿಗಳ ನಲವತ್ತು ಕ್ಷಯರೋಗಿಗಳಿಗೆ ದಿನಕ್ಕೆರಡು ಮೊಟ್ಟೆ ಕೊಡಲು ಸರ್ಕಾರದ ಹಣ ಬರುತ್ತಿತ್ತು. ರೋಗಿಗಳ ಪಟ್ಟಿ ಮಂಜೂರಾಗುವುದು ವರ್ಷಕ್ಕೊಮ್ಮೆ. ನಡುವೆ ಒಂದು ಹೆಸರನ್ನೂ ಸೇರಿಸುವಂತಿಲ್ಲ. ಮೊಟ್ಟೆ ಹಂಚುತ್ತಿದ್ದವಳು ದ್ಯಾವಮ್ಮ. ಅವಳು ತರುವ ಹೆಬ್ಬೆಟ್ಟಿನ ಹಾಳೆಗಳ ಮೇಲೆ ನನ್ನನ್ನು ಒತ್ತುತ್ತಿದ್ದವನು ಲೆಕ್ಕಿಗ ವಿರೂಪಣ್ಣ. ಎಂಟು ರೂಪಾಯಿಯ ಚಹಾಕ್ಕೂ ಚೀಟಿ ಕೇಳುವ ಆಸಾಮಿ.

ಪಟ್ಟಿಯಲ್ಲಿದ್ದ ಭೀಮಣ್ಣ ಕಾರ್ತಿಕದಲ್ಲಿ ತೀರಿಹೋದ. ಮರುತಿಂಗಳೂ ಅವನ ಹೆಸರಿನ ಮುಂದೆ ಹೆಬ್ಬೆಟ್ಟು ಬಂತು.

“ಇದು ಯಾರ್ದು ದ್ಯಾವಮ್ಮಾ?” ವಿರೂಪಣ್ಣ ಕೇಳಿದ.

“ಅವ್ನ ಹೇಣ್ತಿ ಈರಮ್ಮಂದ್ರಿ. ಆಕಿಗೂ ಅದೇ ಬ್ಯಾನಿ ಹತ್ತೈತಿ. ಗುಳಿಗಿ ಸರ್ಕಾರಿ ದವಾಖಾನ್ಯಾಗ ಸಿಗ್ತಾವ. ಬರೇ ಹೊಟ್ಟ್ಯಾಗ ನುಂಗಿದ್ರ ಕಾರ್ಕೊಂತಾಳ. ಸತ್ತಾಂವ ತತ್ತಿ ತಿಂತಾನೇನ್ರಿ? ಆಕಿ ತಿನ್ಲಿ ಬಿಡ್ರಿ.”

ವಿರೂಪಣ್ಣ ಬಹಳ ಹೊತ್ತು ನನ್ನನ್ನು ಕೈಯಲ್ಲೇ ಹಿಡಿದಿದ್ದ. ಆಮೇಲೆ ಒತ್ತಿದ. ಮೂರು ತಿಂಗಳು ಹೀಗೇ ನಡೆಯಿತು. ಈರಮ್ಮ ಎದ್ದು ನೀರು ತರುವಂತಾದಳು ಎಂದು ದ್ಯಾವಮ್ಮ ಹೇಳಿದ ದಿನ ನನಗೆ ಹಿಗ್ಗೋ ಹಿಗ್ಗು.

ಆಡಿಟ್‌ಗೆ ಬಂದವರು ಭೀಮಣ್ಣನ ಮರಣಪತ್ರವನ್ನೂ ಆ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟರು. ಸತ್ತವನಿಗೂ ಮೊಟ್ಟೆ ರುಚಿಸಿದೆಯಲ್ಲ ಎಂದು ಒಬ್ಬರು ನಕ್ಕರು. ದ್ಯಾವಮ್ಮ ಇದ್ದದ್ದನ್ನು ಇದ್ದಂತೆ ಹೇಳಿದಳು. ಅದನ್ನು ಬರೆಯಲು ಅವರ ನಮೂನೆಯಲ್ಲಿ ಜಾಗವಿರಲಿಲ್ಲ. ಹಣವನ್ನು ವಿರೂಪಣ್ಣನ ಸಂಬಳದಲ್ಲಿ ಮುರಿದುಕೊಂಡರು, ದ್ಯಾವಮ್ಮನನ್ನು ಕೆಲಸದಿಂದ ತೆಗೆದರು.

“ಈರಮ್ಮಗ ಇನ್ನ ಮೂರು ತಿಂಗಳ ಗುಳಿಗಿ ಐತ್ರಿ,” ಹೋಗುವಾಗ ಅವಳು ಹೇಳಿದಳು. “ತತ್ತಿ ಯಾರ್ ಕೊಡ್ತೀರಿ?”

ವಿರೂಪಣ್ಣ ಎರಡು ವಾರ ಸ್ವಂತ ದುಡ್ಡಿನಲ್ಲಿ ಕಳಿಸಿದ. ಆಮೇಲೆ ವರ್ಷದ ಲೆಕ್ಕದ ಗಡಿಬಿಡಿ ಹತ್ತಿತು. ಮಾರ್ಚ್ ಬಂತೆಂದರೆ ಲೆಕ್ಕಿಗರಿಗೆ ಹೆಂಡತಿಯ ಮುಖವೂ ನೆನಪಿರುವುದಿಲ್ಲ. ಅವನು ಮರೆತ. ನನಗೆ ನೆನಪಿತ್ತು, ಆದರೆ ನಾನು ಒತ್ತಿದರೆ ಒತ್ತಿಸಿಕೊಳ್ಳುವ ಜೀವ.

ಯುಗಾದಿಗೆ ಬರಬೇಕಿದ್ದ ಹೊಸ ಪಟ್ಟಿ ಆಷಾಢದಲ್ಲಿ ಬಂತು. ಹನ್ನೊಂದನೆಯ ಹೆಸರು ಈರಮ್ಮ. ದ್ಯಾವಮ್ಮ ಎಂದೋ ಅರ್ಜಿ ಹಾಕಿಸಿದ್ದಳಂತೆ. ಹೊಸದಾಗಿ ಸೇರಿದ ಕಾರ್ಯಕರ್ತೆ ಮೊಟ್ಟೆ ಒಯ್ದವಳು ಹಾಗೇ ತಿರುಗಿ ಬಂದಳು.

“ಆಕಿ ತೀರ್ಕೊಂಡು ತಿಂಗಳಾತಂತ್ರಿ. ಗುಳಿಗಿ ಬಿಟ್ಟಿದ್ಲಂತ.”

ವಿರೂಪಣ್ಣ ಆ ಹೆಸರಿನ ಮೇಲೆ ಕೆಂಪು ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಅವನು ಅಷ್ಟು ಸೊಟ್ಟಗೆ ಗೆರೆ ಎಳೆದದ್ದನ್ನು ನಾನು ಕಂಡಿರಲಿಲ್ಲ.

ಈಗ ಆ ಯೋಜನೆಯೂ ಮುಗಿದಿದೆ. ವಿರೂಪಣ್ಣ ನಿವೃತ್ತನಾಗಿದ್ದಾನೆ. ನಾನು ರಬ್ಬರ್ ಬಿರಿದು ಮೇಜಿನ ಖಾನೆಯಲ್ಲಿ ಬಿದ್ದಿದ್ದೇನೆ. ಸಾವಿರಾರು ಹಾಳೆಗಳ ಮೇಲೆ ಬಿದ್ದ ಜನ್ಮ ನನ್ನದು. ಸಮಾಧಾನದಿಂದ ನೆನೆಯುವುದು ಆಡಿಟ್‌ನವರಿಂದ ತಪ್ಪೆಂದು ಷರಾ ಬರೆಸಿಕೊಂಡ, ಈರಮ್ಮನ ಹೆಬ್ಬೆಟ್ಟಿದ್ದ ಆ ಮೂರು ತಿಂಗಳ ಹಾಳೆಗಳನ್ನು ಮಾತ್ರ. ಈರಮ್ಮ ಸತ್ತ ವರ್ಷದ ಲೆಕ್ಕಕ್ಕೆ ಒಂದೂ ಆಕ್ಷೇಪಣೆ ಬರಲಿಲ್ಲ.