ಮಾದರಿ ಮನೆ

ಮಂತ್ರಿಗಳು ಎರಡನೇ ಪುಟವನ್ನು ಗಟ್ಟಿಯಾಗಿ ಓದಲು ಶುರುಮಾಡಿದಾಗ ಕರಡು ಬರೆದವಳಿಗೆ ಹೆಮ್ಮೆಯಾಯಿತು. ಓದು ಮುಂದುವರಿದಂತೆ ಆ ಹೆಮ್ಮೆ ಇಳಿಯುತ್ತ ಬಂತು.

"ಒಂದು ಮನೆ. ಅಲ್ಲಿ ಹಾಸಿಗೆ ಹಿಡಿದ ತಂದೆ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು. ಬೆಳಗ್ಗೆ ಸರ್ಕಾರಿ ನರ್ಸ್ ಬಂದಮೇಲೆ ಮಗಳು ಹೊರಡುತ್ತಾಳೆ. ಸಂಜೆ ಬಂದು ತಂದೆಯ ಮಗ್ಗುಲು ಬದಲಿಸುತ್ತಾಳೆ, ಪೇಪರ್ ಓದಿ ಹೇಳುತ್ತಾಳೆ, ಅವರ ಹಳೇ ಜೋಕಿಗೆ ಹೊಸದಾಗಿ ನಗುತ್ತಾಳೆ. ಅವಳು ಗೊಣಗಿದ್ದನ್ನು ಯಾರೂ ಕೇಳಿಲ್ಲ."

ಮಂತ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಿಜವಾಗಿಯೂ ಒದ್ದೆಯಾಗಿತ್ತು.

"ಇಂಥ ಮಗಳು ಇರೋ ಮನೆಗೆ ಸರ್ಕಾರ ಯಾಕ್ರೀ ಬೇಕು?"

ಈ ಇಲಾಖೆಯಲ್ಲಿ ಅದೊಂದು ಪದ್ಧತಿ. ಅಂಕಿಸಂಖ್ಯೆ ಕಂಡರೆ ಆಕಳಿಸುತ್ತಿದ್ದ ಯಾವುದೋ ಹಳೆಯ ಮಂತ್ರಿಗಾಗಿ ಹುಟ್ಟಿಕೊಂಡದ್ದು, ಮಂತ್ರಿ ಹೋದಮೇಲೂ ಉಳಿಯಿತು. ಪ್ರತಿ ಕರಡಿನ ಎರಡನೇ ಪುಟದಲ್ಲಿ ಚೌಕಟ್ಟು ಹಾಕಿ, ಹೊಸ ನಿಯಮ ಯಾರ ಮೇಲೆ ಬೀಳುತ್ತದೋ ಅಂಥ ಒಂದು ಕಾಲ್ಪನಿಕ ಮನೆಯನ್ನು ಬರೆಯಬೇಕು. ಅದಕ್ಕೆ 'ಮಾದರಿ ಮನೆ' ಎಂದು ಹೆಸರು. ಮಾದರಿ ಮನೆ ಇಲ್ಲದ ಯಾವ ಕಲಮೂ ಸಂಪುಟಕ್ಕೆ ಹೋಗುವುದಿಲ್ಲ. ಅವಳ ಕರಡು ಕೇಳಿದ್ದು, ನರ್ಸ್ ಬೆಳಗ್ಗೆ ಬಂದಂತೆ ಸಂಜೆಯೂ ಬರಲಿ ಎಂದು. ಮನೆ ಬರೆಯಲು ಕೂತಾಗ ಯಾವ ಮನೆಯೂ ಹೊಳೆಯದೆ ತನ್ನ ಮನೆಯನ್ನೇ ಬರೆದುಬಿಟ್ಟಿದ್ದಳು. ಅಕ್ಕನ ಮೇಲಿನ ಪ್ರೀತಿಯಿಂದ ಬರೆದಳು. ಪ್ರೀತಿಯಿಂದ ಬರೆದದ್ದರಿಂದ ಅಕ್ಕನ ಸೊಂಟನೋವು ಬರಹದಿಂದ ಬಿಟ್ಟುಹೋಯಿತು, ಅಪ್ಪನ ಬೈಗುಳ ಬಿಟ್ಟುಹೋಯಿತು, ಮಂಚದ ವಾಸನೆ ಬಿಟ್ಟುಹೋಯಿತು.

ಮೇಜಿನ ಆಚೆ ಬದಿಯಲ್ಲಿ ಹಣಕಾಸಿನ ಅಧಿಕಾರಿ ನೆಟ್ಟಗೆ ಕೂತರು. ಇಡೀ ಕಟ್ಟಡ ಅವರನ್ನು ಬೆನ್ನ ಹಿಂದೆ ಕರೆಯುತ್ತಿದ್ದುದು ಕತ್ತರಿ ಅಂತ.

"ಸರಿಯಾಗಿ ಹೇಳಿದ್ರಿ ಸರ್. ಮನೇಲಿ ಗಟ್ಟಿಮುಟ್ಟಾಗಿರೋರು ಒಬ್ಬರಿದ್ರೂ ಸಾಕು, ಬೆಳಗಿನ ನರ್ಸೂ ಬೇಡ. ಆ ನರ್ಸನ್ನ ಯಾರೂ ಇಲ್ಲದ ಒಂಟಿ ಜೀವಗಳಿಗೆ ಕಳಿಸೋಣ, ಎರಡು ಹೊತ್ತೂ. ಅದು ನ್ಯಾಯ ಅಲ್ವಾ?"

ಅದು ನ್ಯಾಯವೇ ಆಗಿತ್ತು. ಅವಳಿಗೆ ಸಿಟ್ಟು ಬಂದದ್ದು ಅದಕ್ಕೇ.

"ಕುಟುಂಬ ಅನ್ನೋದು ನಮ್ಮ ಮೌಲ್ಯ," ಎಂದರು ಮಂತ್ರಿಗಳು. "ಆ ಕಲಂ ಸೇರಿಸಿ. ಚಹಾ ಆದಮೇಲೆ ರುಜು ಹಾಕ್ತೀನಿ."

ಕಾರಿಡಾರಿನಲ್ಲಿ ಏಸಿಯ ನೀರು ಪ್ಲಾಸ್ಟಿಕ್ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಕಾರ್ಯದರ್ಶಿ ಮೇಡಂ ಲೋಟ ಹಿಡಿದು ಪಕ್ಕಕ್ಕೆ ಬಂದರು. ಅವಳಿಗೆ ಕರಡು ಬರೆಯಲು ಕಲಿಸಿದವರು ಅವರೇ.

"ಮುಖ ಯಾಕೆ ಸುಟ್ಟ ಬದನೆಕಾಯಿ ಹಾಗೆ ಮಾಡ್ಕೊಂಡಿದೀಯ?"

"ಮೇಡಂ, ಆ ಮನೆ ನಮ್ದೇ."

ಮೇಡಂ ಚಹಾವನ್ನು ಗಟಕ್ಕನೆ ನುಂಗಿದರು. "ನಿನಗೇನು ಬುದ್ಧಿಗಿದ್ಧಿ ಇದೆಯಾ? ಸ್ವಂತ ಲಾಭ ಇರೋ ಕಡತ ಮುಟ್ಟಬಾರದು ಅಂತ ಮೊದಲ ದಿನವೇ ಹೇಳಿದ್ದೆ."

"ಮನೆ ಬರೆಯೋವಾಗ ಅದು ಹೊಳೀಲೇ ಇಲ್ಲ. ಈಗ ಏನು ಮಾಡಲಿ?"

"ನಿಮ್ಮನೆ ಅಂತ ಹೇಳಿದ್ರೆ ಕಡತ ಬಿಟ್ಟು ಎದ್ದು ಹೋಗ್ಬೇಕು. ಹೇಳದಿದ್ರೆ ಆ ವಿಷಯ ಬಾಯಿ ಬಿಡದೆ ವಾದ ಮಾಡು."

"ಏನಂತ ವಾದ ಮಾಡಲಿ ಮೇಡಂ? ಅವಳು ಗೊಣಗಲ್ಲ ಅಂತ ಬರೆದೋಳು ನಾನೇ."

ನರ್ಸ್ ಬರುವುದು ನಿಂತರೆ ಅಕ್ಕನ ಕೆಲಸ ಹೋಗುತ್ತದೆ. ಕೆಲಸ ಹೋದರೆ ಅಕ್ಕನಿಗೆ ಆ ಒಂದು ಕೋಣೆಯೇ ಗತಿ. ಇಷ್ಟು ಸರಳವಾದದ್ದು ಆ ಚೌಕಟ್ಟಿನೊಳಗೆ ಎಲ್ಲೂ ಇರಲಿಲ್ಲ.

ಒಳಗೆ ಮಂತ್ರಿಗಳು ಪೆನ್ನಿನ ಮುಚ್ಚಳ ತೆಗೆದಿದ್ದರು.

"ಸರ್, ಆ ಮಗಳಿಗೆ ಆಗಲ್ಲ," ಎಂದಳು ಅವಳು. ಧ್ವನಿ ಅಂದುಕೊಂಡದ್ದಕ್ಕಿಂತ ಜೋರಾಯಿತು. "ನರ್ಸ್ ಬರೋದ್ರಿಂದಲೇ ಅವಳಿಗೆ ನಗೋಕೆ ಆಗೋದು."

"ಕಾಗದದ ಮೇಲಿನ ಮಗಳು," ಎಂದು ಕತ್ತರಿ ನಕ್ಕರು. "ಅವಳಿಗೆ ಆಗುತ್ತೋ ಇಲ್ವೋ ನಿಮಗೆ ಹೇಗೆ ಗೊತ್ತು?"

"ನಮ್ಮಕ್ಕ."

ಕತ್ತರಿ ಮುಂದಕ್ಕೆ ಬಾಗಿದರು.

"ಓಹೋ! ಅಂದ್ರೆ ನಿಮ್ಮನೆಗೆ ಬೇಕಾದ ಕಾನೂನು ನೀವೇ ಬರ್ಕೊಂಡ್ರಿ. ಪರವಾಗಿಲ್ವೇ!"

ಮಂತ್ರಿಗಳು ಅವಳನ್ನು ಹೊಸದಾಗಿ ಕಂಡವರಂತೆ ನೋಡಿದರು. "ಫೋನ್ ಮಾಡಮ್ಮ. ಸ್ಪೀಕರಿಗೆ ಹಾಕು. ನಾನೇ ಕೇಳ್ತೀನಿ."

ಇವತ್ತು ಅಕ್ಕನಿಗೆ ವಾರದ ರಜೆ, ಆ ದಿನ ನರ್ಸ್ ಬರುವುದಿಲ್ಲ. ತಕ್ಷಣ ಎತ್ತಿದಳು.

"ಏನೇ, ಆಫೀಸ್ ಹೊತ್ತಲ್ಲಿ ಫೋನು? ನಿಮ್ಮ ಮಂತ್ರಿ ನಿದ್ದೆ ಹೊಡೀತಿದ್ದಾನಾ?"

ಯಾರೋ ಕೆಮ್ಮಿದರು. "ಎದ್ದಿದ್ದೀನಮ್ಮ," ಎಂದರು ಮಂತ್ರಿಗಳು.

ಆ ಕಡೆಯಿಂದ ಮತ್ತೆ ಮಾತು ಬಂದಾಗ ಅದು ಅಂಗಡಿಯ ಗಿರಾಕಿಗಳ ಎದುರು ಬಳಸುವ ಧ್ವನಿ. "ಅಯ್ಯೋ, ಕ್ಷಮಿಸಿ ಸರ್."

"ತಂದೆಯವರನ್ನ ನೋಡ್ಕೊಳ್ಳೋದು ಕಷ್ಟ ಆಗ್ತಿದೆಯಾ?"

ಹೇಳೇ, ಎಂದು ಮನಸ್ಸಿನಲ್ಲೇ ಅನ್ನುತ್ತ ತಂಗಿ ಮೇಜಿನ ಗಾಜನ್ನು ಉಗುರಿನಿಂದ ಒತ್ತಿದಳು. ಒಂದು ಸಲ ಹೇಳೇ.

"ಏನೂ ತೊಂದ್ರೆ ಇಲ್ಲ ಸರ್. ಹೇಗೋ ನಡೀತಿದೆ."

ಕತ್ತರಿ ಎರಡೂ ಅಂಗೈ ಮೇಲೆ ಮಾಡಿ ಸಭೆಗೆ ತೋರಿಸಿದರು. ಮಂತ್ರಿಗಳ ಕೈ ಮತ್ತೆ ಪೆನ್ನಿಗೆ ಹೋಯಿತು. ಅಷ್ಟರಲ್ಲಿ ಫೋನಿನೊಳಗೆ ದೂರದಿಂದ ಗಂಡು ದನಿಯೊಂದು ಕಿರುಚಿತು.

"ಒಂದ್ನಿಮಿಷ ಇರಿ ಸರ್," ಎಂದು ಅಕ್ಕ ಫೋನನ್ನು ಎಲ್ಲಿಯೋ ಇಟ್ಟಳು. ಕಟ್ ಮಾಡಲಿಲ್ಲ.

ಮಂಚ ನೆಲಕ್ಕೆ ಉಜ್ಜಿದ ಸದ್ದು. "ಕೈ ಕೊಡಿ ಅಪ್ಪ. ಆ ಕೈ ಅಲ್ಲ, ಈ ಕೈ. ಬಾಗಿ."

"ಸಾಯಿಸ್ತೀಯೇನೇ ನನ್ನ?"

"ಇವತ್ತು ಪುರುಸೊತ್ತಿಲ್ಲ, ನಾಳೆ ನೋಡೋಣ. ಬಾಗಿ ಅಂದೆ."

ಯಾರೂ ನಗಲಿಲ್ಲ. ಸ್ಟೀಲಿನ ಪಾತ್ರೆಯೊಂದು ಬಿದ್ದು ಉರುಳಿ, ಎಲ್ಲೋ ಹೋಗಿ ನಿಂತಿತು. ಅಪ್ಪ ಬೈದರು. ಹಿರಿಯ ಮಗಳಿಗೆ ಯಾವ ತಂದೆಯೂ ಆಡಬಾರದ ಮಾತು ಅದು. ಆ ಪದ ಸಭಾಂಗಣದ ಮೇಜಿನ ಮೇಲೆ, ನೀರಿನ ಬಾಟಲಿಗಳ ನಡುವೆ ಬಂದು ಕೂತಿತು. ತಂಗಿ ಕೈ ಚಾಚಿದಳು, ಲೈನು ಕಡಿಯಲು. ಮಂತ್ರಿಗಳು ಬೇಡವೆಂದು ತಲೆಯಾಡಿಸಿದರು. ಭಾರ ಎತ್ತುವವರ ಹೊಟ್ಟೆಯಾಳದಿಂದ ಬರುವ ಉಸಿರು ಕೇಳಿಸಿತು. ಒಂದು ಸಲ, ಇನ್ನೊಂದು ಸಲ. ನಲ್ಲಿ ಬಿಟ್ಟ ಸದ್ದು. ನಲ್ಲಿಯ ಸದ್ದಿನ ಮರೆಯಲ್ಲಿ, ಯಾರಿಗೂ ಕೇಳಿಸದು ಎಂದುಕೊಂಡು, ಅಕ್ಕ ಹೇಳಿಕೊಳ್ಳುತ್ತಿದ್ದಳು: "ಸಾಕು. ಸಾಕು. ಸಾಕಪ್ಪಾ ಸಾಕು."

ನಲ್ಲಿ ನಿಂತಿತು.

"ಹೇಳಿ ಸರ್," ಗಿರಾಕಿಗಳ ಧ್ವನಿ ಮರಳಿ ಬಂತು. "ಏನೋ ಕೇಳ್ತಿದ್ರಿ?"

"ಏನಿಲ್ಲಮ್ಮ. ಇಡ್ತೀನಿ."

ಮಂತ್ರಿಗಳು ಎರಡನೇ ಪುಟವನ್ನು ಮಗುಚಿ ಹಾಕಿದರು. "ಈ ಮನೆ ತೆಗೀರಿ."

"ತೆಗೆಯೋಣ ಸರ್. ಕಲಂ ಇರ್ಲಿ," ಎಂದರು ಕತ್ತರಿ.

"ಮನೆ ಇಲ್ಲದ ಕಲಂ ಸಂಪುಟಕ್ಕೆ ಹೋಗಲ್ಲ," ಎಂದರು ಕಾರ್ಯದರ್ಶಿ ಮೇಡಂ, ಯಾರ ಮುಖವನ್ನೂ ನೋಡದೆ.

"ಹಾಗಿದ್ರೆ ನೀವೇ ಒಂದು ಮನೆ ಬರೀರಿ," ಎಂದು ಮಂತ್ರಿಗಳು ಪೆನ್ನನ್ನು ಕತ್ತರಿಯ ಕಡೆ ಉರುಳಿಸಿದರು. "ಈಗಲೇ. ನಾಲ್ಕು ಸಾಲು ಸಾಕು."

ಕತ್ತರಿ ಅಳುಕದೆ ಹಾಳೆ ಎಳೆದುಕೊಂಡರು. ಗಟ್ಟಿಯಾಗಿ ಹೇಳುತ್ತ ಬರೆದರು. "ಒಂದು ಮನೆ. ಅಲ್ಲಿ ತಂದೆ, ಮಗಳು. ನರ್ಸ್ ಬರುವುದಿಲ್ಲ. ಬೆಳಗ್ಗೆ ಮಗಳು..."

ಪೆನ್ನು ನಿಂತಿತು. ಅವರು ಫೋನಿನತ್ತ ನೋಡಿದರು, ಅದು ಇನ್ನೂ ತೆರೆದಿದೆಯೇನೋ ಎಂಬಂತೆ. 'ಬೆಳಗ್ಗೆ ಮಗಳು' ಹೊಡೆದು ಹಾಕಿ 'ಬೆಳಗ್ಗೆ' ಎಂದು ಬರೆದರು. ಅದನ್ನೂ ಹೊಡೆದರು.

"ಮುಂದಿನ ಸಭೆಗೆ ತರ್ತೀನಿ ಸರ್."

"ಮನೆ ಸಿಕ್ಕಾಗ ತನ್ನಿ. ಅಲ್ಲಿವರೆಗೆ ಈಗಿರೋ ಹಾಗೇ ನಡೀಲಿ. ಸಂಜೆ ನರ್ಸೂ ಇಲ್ಲ, ಈ ಕಲಮೂ ಇಲ್ಲ." ಮಂತ್ರಿಗಳು ಎದ್ದರು. ಬಾಗಿಲ ಬಳಿ ನಿಂತು, ತಿರುಗದೆ, "ಕಡತ ಬೇರೆಯವರಿಗೆ ಕೊಡಿ," ಎಂದರು.

ಮೇಡಂ ಅವಳ ಮುಂದಿದ್ದ ಕಡತವನ್ನು ಎತ್ತಿಕೊಂಡರು. ಅದರ ಮೇಲಿದ್ದ ಅವಳ ಪೆನ್ಸಿಲನ್ನು ಅವಳ ಕೈಗೇ ಇಟ್ಟರು.

ಕಾರಿಡಾರಿನಲ್ಲಿ ಬಕೆಟ್ಟು ತುಂಬಿ ಚೆಲ್ಲುತ್ತಿತ್ತು. ಫೋನು ನಡುಗಿತು.

"ಯಾರ್ಯಾರು ಕೇಳಿಸ್ಕೊಂಡ್ರು?" ಅಕ್ಕ.

"ಅಲ್ಲಿದ್ದೋರೆಲ್ಲ."

"ಅಪ್ಪ ಬೈದಿದ್ದೂ?"

"ಹೂಂ."

"ಆಮೇಲೆ ನಾನಂದಿದ್ದು?"

ತಂಗಿ ಬಕೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು.

"ಥೂ ನಿನ್ನ. ಮನೆ ಮರ್ಯಾದೇನ ಮೈಕಲ್ಲಿ ಹಾಕಿದ್ಯಲ್ಲೇ." ಅಕ್ಕ ಅಳುತ್ತಿದ್ದಾಳೋ ಮುಖ ತೊಳೆಯುತ್ತಿದ್ದಾಳೋ ತಿಳಿಯಲಿಲ್ಲ. ಆಮೇಲೆ ಬರೀ ಕೆಲಸದ ಧ್ವನಿ: "ನಾಳೆ ನರ್ಸ್ ಬರ್ತಾಳಾ? ಅಷ್ಟು ಹೇಳು ನೀನು."

"ಬರ್ತಾಳೆ ಅಕ್ಕ."

ಅಕ್ಕ ಫೋನಿಟ್ಟಳು. ಇಟ್ಟಮೇಲೂ ತಂಗಿ ಅದನ್ನು ಕಿವಿಗೆ ಒತ್ತಿಕೊಂಡು ನಿಂತಳು. ಮಂಚದ ಸದ್ದಿಲ್ಲ, ನಲ್ಲಿಯ ಸದ್ದಿಲ್ಲ. ಈ ಸಲ ಅಕ್ಕ ಲೈನನ್ನು ಸರಿಯಾಗಿ ಕಡಿದಿದ್ದಳು.